ಗಾಳಿಯ ಲೆಕ್ಕದಲ್ಲಿ ನಂಬಬೇಕಾದ ಸೆನ್ಸರ್ ಯಾವುದು: ರಾಮನಗರ ಸೀಮೆಯ ಎತ್ತರ ಮತ್ತು ಬಿಸಿಲು

ರಾಮನಗರ ಸೀಮೆಯ ಬಿಡದಿಯಲ್ಲಿ 1999ರ ಕೊನೆಯಿಂದ ಕಾರುಗಳು ತಯಾರಾಗುತ್ತಿವೆ. ಕಾರು ಕಂಪನಿಗಳು ಎಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಡೈನಮೋಮೀಟರಿನ ಮೇಲೆ ಅಳೆದು ಕೋಷ್ಟಕ ಕಟ್ಟುತ್ತವೆ. ಆರ್ಡುಯಿನೋ ಬೋರ್ಡಿನಲ್ಲಿ ಸ್ಪೀಡುಯಿನೋದಂಥ ಇಂಧನ ನಿಯಂತ್ರಕವನ್ನು ತಾನೇ ಜೋಡಿಸಿಕೊಂಡವನಿಗೆ ಆ ಸೌಕರ್ಯವಿಲ್ಲ. ಮ್ಯಾನಿಫೋಲ್ಡಿನ ಒತ್ತಡ, ಒಳಬರುವ ಗಾಳಿಯ ಉಷ್ಣತೆ, ಸಿಲಿಂಡರಿನ ಅಳತೆ, ಸಿಲಿಂಡರ್ ಎಷ್ಟರಮಟ್ಟಿಗೆ ತುಂಬುತ್ತದೆ ಎಂಬ ವಿಇ ಅಂಕಿ, ಈ ನಾಲ್ಕರಿಂದಲೇ ಅವನು ಗಾಳಿಯ ತೂಕ ತೆಗೆಯಬೇಕು. ಒಂದು ಲೀಟರಿನ ನಾಲ್ಕು ಹೊಡೆತದ ಎಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿ, 93 ಕಿಲೋಪ್ಯಾಸ್ಕಲ್ ಒತ್ತಡ, 30 ಡಿಗ್ರಿ ಉಷ್ಣತೆ, ಶೇ. 80 ವಿಇ ಇದ್ದಾಗ ನಿಮಿಷಕ್ಕೆ ಸುಮಾರು 1.28 ಕೆ.ಜಿ. ಗಾಳಿ ಎಳೆಯುತ್ತದೆ; ಗಾಳಿ-ಪೆಟ್ರೋಲಿನ 14.7ರ ಅನುಪಾತಕ್ಕೆ ಪೆಟ್ರೋಲು 87 ಗ್ರಾಂ.

ಈ ಸೀಮೆ ಏರುತಗ್ಗಿನದಾದ್ದರಿಂದ ಎತ್ತರವೇ ಲೆಕ್ಕ ಕೆಡಿಸುತ್ತದೆ ಎನಿಸುವುದು ಸಹಜ. ಆದರೆ ಸುಮಾರು 640 ಮೀಟರಿನ ಕನಕಪುರಕ್ಕೂ 900 ಮೀಟರ್ ದಾಟಿದ ಮಾಗಡಿಗೂ ಒತ್ತಡದ ಅಂತರ ಮೂರು ಕಿಲೋಪ್ಯಾಸ್ಕಲ್‌ನಷ್ಟೇ. ಅದನ್ನೂ ಒತ್ತಡದ ಸೆನ್ಸರ್ ಇದ್ದುದಿದ್ದಂತೆ ಹೇಳಿಬಿಡುತ್ತದೆ. ದಾರಿ ತಪ್ಪಿಸುವುದು ಉಷ್ಣತೆಯ ಸೆನ್ಸರ್. ಹೆದ್ದಾರಿಯಲ್ಲಿ ಓಡಿ ಬಂದು ಚನ್ನಪಟ್ಟಣದ ಪೇಟೆಯಲ್ಲಿ ಹತ್ತು ನಿಮಿಷ ನಿಂತ ಗಾಡಿಯಲ್ಲಿ, ಲೋಹದ ಮ್ಯಾನಿಫೋಲ್ಡಿಗೆ ತಿರುಪಿದ ಸೆನ್ಸರ್ ಗಾಳಿಯ ಬಿಸಿಯನ್ನಲ್ಲ, ತನ್ನ ಮೈಬಿಸಿಯನ್ನೇ ವರದಿ ಮಾಡುತ್ತದೆ. ಗಾಳಿ 36 ಡಿಗ್ರಿ ಇದ್ದು ಸೆನ್ಸರ್ 60 ಎಂದರೆ ನಿಯಂತ್ರಕ ಶೇ. 7ರಷ್ಟು ಪೆಟ್ರೋಲು ಕಡಿತ ಮಾಡುತ್ತದೆ, ಎಂಜಿನ್ ಮುಗ್ಗರಿಸುತ್ತದೆ.

ಆಮ್ಲಜನಕ ಸೆನ್ಸರ್ ಇದನ್ನು ತಿದ್ದಲಾರದೇ ಎಂದು ಕೇಳಬಹುದು. ಅಗ್ಗದ ಸೆನ್ಸರಿಗೆ ಆದರ್ಶ ಅನುಪಾತದ ಆಚೀಚೆ ಬಿಟ್ಟರೆ ಏನೂ ಕಾಣದು. ತಣ್ಣಗಿದ್ದಾಗ, ಪೂರ್ತಿ ಥ್ರಾಟಲಿನಲ್ಲಿ ಅದರ ಮಾತು ನಡೆಯದು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು: ತಂಪು ಗಾಳಿ ಬಿಸಿ ಗೋಡೆಗಳಿಂದ ಹೆಚ್ಚು ಶಾಖ ಹೀರುವುದರಿಂದ, ಅದರ ಸಾಂದ್ರತೆಯ ಲಾಭ ಪೂರ್ತಿಯಾಗಿ ಸಿಲಿಂಡರ್ ಮುಟ್ಟುವುದಿಲ್ಲ. ಒಪ್ಪಬೇಕಾದ್ದೇ. ಆದರೆ ಅದು ಉಷ್ಣತೆಯನ್ನು ಕಡೆಗಣಿಸಲು ಕಾರಣವಾಗದು. ಗಾಳಿ ಮತ್ತು ಕೂಲೆಂಟ್ ಎರಡರ ಉಷ್ಣತೆಯನ್ನೂ ಬೆರೆಸಿ, ಹರಿವು ಹೆಚ್ಚಿದಷ್ಟೂ ಗಾಳಿಯ ಕಡೆ ವಾಲಿಸಿ ಲೆಕ್ಕಹಾಕಲು ಕಾರಣವಾಗುತ್ತದೆ. ಸೆನ್ಸರನ್ನು ಏರ್ ಫಿಲ್ಟರಿನ ಪ್ಲಾಸ್ಟಿಕ್ ಡಬ್ಬಿಗೆ ಸಾಗಿಸುವುದು ಇದಕ್ಕೂ ಮೊದಲಿನ ಕೆಲಸ.

ಇಷ್ಟಾದ ಮೇಲೂ ಕೋಷ್ಟಕದಲ್ಲಿ ಎಲ್ಲೆಡೆ ಶೇ. 9ರಷ್ಟು ಕೊರತೆ ಕಂಡರೆ ಬಂಕಿನತ್ತ ನೋಡಬೇಕು. ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲಿನ ಅನುಪಾತ 13.5ರ ಆಸುಪಾಸು. ಈ ಅಂಕಿಯನ್ನು ಅನುಪಾತದ ಮನೆಯಲ್ಲೇ ನಮೂದಿಸದೆ ವಿಇ ಏರಿಸಿದರೆ ಎಂಜಿನ್ ಸರಾಗವಾಗಿ ಓಡೀತು, ಕೋಷ್ಟಕ ಮಾತ್ರ ಗಾಳಿಯದಾಗಿ ಉಳಿಯದು.