ಗೋಡೆಯಿಲ್ಲದ ಕಟ್ಟಡ

ಬಳ್ಳಾರಿಯಲ್ಲಿ ಬೆಳಗಿನ ತಿಂಡಿ ಮುಗಿಸಿ ವಿಭಾಗದ ಇಪ್ಪತ್ತೆರಡು ಜನ ಬಸ್ ಹತ್ತಿದೆವು. ಒಂದು ದಿನದ ಅಧ್ಯಯನ ಪ್ರವಾಸ. ಕಾರ್ಯಕ್ರಮಪಟ್ಟಿ ಬರೆದವಳು ನಾನೇ: ವಾರ್ಡ್‌ಲಾ ಶಾಲೆ ಮತ್ತು ಮಿಷನ್ ಆವರಣಕ್ಕೆ ಎರಡು ಗಂಟೆ, ಕುಡತಿನಿಯ ಬೂದಿದಿಬ್ಬಕ್ಕೆ ಹದಿನೈದು ನಿಮಿಷ. ಸಂಜೆ ಮರಳುವಾಗ ಆ ಪಟ್ಟಿ ನನ್ನನ್ನೇ ಅಣಕಿಸುತ್ತಿತ್ತು.

ಮಿಷನ್ ಆವರಣದ ಬಗ್ಗೆ ಹೇಳಲು ನನ್ನಲ್ಲಿ ಬೇಕಾದಷ್ಟಿತ್ತು, ನನ್ನ ಪ್ರಬಂಧದ ವಿಷಯವೇ ಹತ್ತೊಂಬತ್ತನೇ ಶತಮಾನದ ಬಳ್ಳಾರಿಯ ಮುದ್ರಣ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದದ್ದು 1810ರಲ್ಲಿ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. 1843ರಲ್ಲಿ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ' ಮರುವರ್ಷವೇ ಬಳ್ಳಾರಿಯ ಅಚ್ಚುಮೊಳೆಗಳಿಗೆ ಬಂದು 'ಕನ್ನಡ ಸಮಾಚಾರ'ವಾಯಿತು. ವಾರ್ಡ್‌ಲಾ ಶಾಲೆ ಶುರುವಾದದ್ದು 1846ರಲ್ಲಿ. ಯಾರು ಬಂದರು, ಏನು ಕಟ್ಟಿದರು, ಏನು ಅಚ್ಚು ಹಾಕಿದರು ಎಂಬುದನ್ನೆಲ್ಲ ಮಿಷನ್ನಿನವರು ಬರೆದಿಟ್ಟರು. ಹಾಗಾಗಿಯೇ ನನಗೆ ಓದಲು ಸಿಕ್ಕಿತು.

ಮಧ್ಯಾಹ್ನ ಕುಡತಿನಿ ದಾಟಿ ತೋರಣಗಲ್ಲಿನ ಕಡೆ ಹೊರಟೆವು. ಗುಡ್ಡಗಳ ನಡುವಿನ ದಾರಿಯ ಪಕ್ಕದಲ್ಲಿದೆ ಬೂದಿಕನಮ. ಕನಮ ಎಂದರೆ ತೆಲುಗಿನಲ್ಲಿ ಕಣಿವೆ. ಇಳಿದ ಕೂಡಲೇ ಎಂ.ಎ. ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ಕಟ್ಟಡ ಎಲ್ಲಿ?"

ಎದುರಿಗಿದ್ದದ್ದು ಬೂದು ಬಣ್ಣದ ದಿಬ್ಬ. ಕೆಲವೆಡೆ ಕರಗಿ ಗಟ್ಟಿಯಾದ ಗಾಜಿನಂಥ ಕಿಟ್ಟ. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಇದು ಎನ್ನುವುದು ಜನರ ಮಾತು. ಹತ್ತೊಂಬತ್ತನೇ ಶತಮಾನದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಈ ದಿಬ್ಬಗಳ ಬಗ್ಗೆ ಬರೆದ. ಜ್ವಾಲಾಮುಖಿಯೇ, ಲೋಹ ಕರಗಿಸಿದ ಜಾಗವೇ ಎಂಬ ಚರ್ಚೆ ದಶಕಗಟ್ಟಲೆ ನಡೆಯಿತು. ಇದು ಸುಟ್ಟ ಸಗಣಿ ಎಂದು ವಾದಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1950ರ ದಶಕದ ಕೊನೆಗೆ ಝಾಯ್ನರ್ ನಡೆಸಿದ ಪರೀಕ್ಷೆಯೂ ಅದನ್ನೇ ಹೇಳಿತು. 1957ರಲ್ಲಿ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಂಥದೇ ದಿಬ್ಬವನ್ನು ಅಗೆದಾಗ ಬೇಲಿಗೂಟಗಳ ಕುಳಿಗಳು, ದನಗಳ ಗೊರಸಿನ ಗುರುತುಗಳು ಸಿಕ್ಕವು. ನವಶಿಲಾಯುಗದ ದನಗಾಹಿಗಳು ದೊಡ್ಡಿ ಹೂಡಿ, ಸಗಣಿ ಕೂಡಿಹಾಕಿ, ಮತ್ತೆ ಮತ್ತೆ ಬೆಂಕಿ ಕೊಟ್ಟ ಜಾಗಗಳಿವು. ಕಾಲ ಸುಮಾರು 4,000–5,000 ವರ್ಷ ಹಿಂದೆ. ಈ ಬೆಂಕಿ ಒಂದು ಆಚರಣೆಯಾಗಿದ್ದಿರಬೇಕು ಎಂದು ಊಹಿಸಿದ ಆಲ್ಚಿನ್, ದನಗಳನ್ನು ಬೆಂಕಿ ದಾಟಿಸುವ ಇಂದಿನ ಹಬ್ಬಗಳನ್ನು ನೆನೆದ. ಸಂಕ್ರಾಂತಿಯಂದು ಕಿಚ್ಚು ಹಾಯಿಸುವುದನ್ನು ಕಂಡ ಮೈಸೂರು ಕಡೆಯ ಹುಡುಗರಿಗೆ ಇದು ಹೊಸತೇನಲ್ಲ.

ಅಲ್ಲೇ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದರು. ಸಗಣಿ ಇಷ್ಟು ಗಟ್ಟಿಯಾಗುವಷ್ಟು ಉರಿಯುತ್ತದೆಯೇ ಎಂದು ಕೇಳಿದೆ. "ತಿಪ್ಪಿಗೆ ಬೆಂಕಿ ಬಿದ್ದಿದ್ದು ನೋಡಿಲ್ಲೇನವ್ವ? ಮ್ಯಾಲ ಬರೇ ಹೊಗಿ, ಒಳಗ ವಾರಗಟ್ಲೆ ಕಾಯ್ತಿರ್ತೈತಿ" ಎಂದರು. ವಿದ್ವಾಂಸರು ನೂರು ವರ್ಷ ಚರ್ಚಿಸಿದ್ದರ ಅರ್ಧ ಉತ್ತರ ಅವರ ಬಾಯಲ್ಲಿತ್ತು.

ಆಗಲೇ ನನಗೆ ನನ್ನ ಪಟ್ಟಿಯ ತಪ್ಪು ಕಂಡದ್ದು. ಕಾಗದವಿದ್ದಲ್ಲಿ ಎರಡು ಗಂಟೆ, ಇಲ್ಲದಲ್ಲಿ ಹದಿನೈದು ನಿಮಿಷ. ನನ್ನ ಪ್ರಬಂಧದಲ್ಲೂ ಅಷ್ಟೇ: ಅನುವಾದಿಸಿದವರ ಹೆಸರುಗಳಿವೆ, ಮೊಳೆ ಜೋಡಿಸಿದವರು, ಕಾಗದ ಹೊತ್ತವರು ಇಲ್ಲ. ಬರೆದಿಡದವರ ಬದುಕೂ ಎಲ್ಲೋ ಪದರಪದರವಾಗಿ ಕೂತಿರುತ್ತದೆ, ಆದರೆ ಅದು ಬೇಗ ಕರಗುತ್ತದೆ. ಈ ಸೀಮೆಯ ಎಷ್ಟೋ ಬೂದಿದಿಬ್ಬಗಳ ಬೂದಿ ಗಾಡಿಗಟ್ಟಲೆ ಹೊಲಗಳಿಗೆ ಗೊಬ್ಬರವಾಗಿ ಹೋಗಿದೆ. ಶಾಲೆಯ ಗೋಡೆ ಬಿದ್ದರೆ ಸುದ್ದಿಯಾಗುತ್ತದೆ, ದಿಬ್ಬ ಸವೆದರೆ ಯಾರಿಗೂ ತಿಳಿಯುವುದಿಲ್ಲ.

ಬಸ್ ತಿರುಗಿದಾಗ ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಕಂಡವು. 1,700 ಮೆಗಾವ್ಯಾಟ್ ಸಾಮರ್ಥ್ಯದ ಈ ಸ್ಥಾವರವೂ ಕಲ್ಲಿದ್ದಲು ಸುಟ್ಟು ದಿನವೂ ಬೂದಿ ಒಟ್ಟುತ್ತಿದೆ. ಅದರ ಲೆಕ್ಕ ಮಾತ್ರ ಕಡತಗಳಲ್ಲಿ ಇರುತ್ತದೆ.

ಆ ಹುಡುಗಿ ಕಿಟಕಿಯಿಂದ ದಿಬ್ಬ ಮರೆಯಾಗುವವರೆಗೂ ನೋಡುತ್ತಿದ್ದಳು. "ಅಕ್ಕಾ, ಮುಂದಿನ ಸಲ ಬೆಳಿಗ್ಗೆ ಮೊದಲು ಇಲ್ಲಿಗೇ ಬರೋಣ" ಎಂದಳು. ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡೆ.