ಗಂಟು ಬಿಚ್ಚಬಹುದು, ಸಿಕ್ಕು ಬಿಡಿಸಬೇಕು

ಹುಬ್ಬಳ್ಳಿಯ ಒಂದು ಬ್ಯೂಟಿ ಪಾರ್ಲರಿನಲ್ಲಿ ಪಕ್ಕದ ಕುರ್ಚಿಯಿಂದ ಕೇಳಿಬಂದ ಮಾತಿದು: ‘ಎಂಡ್ಸ್‌ನ್ಯಾಗ ಭಾಳ ನಾಟ್ಸ್ ಅದಾವ ಮೇಡಂ, ಕಟ್ ಮಾಡಿಬಿಡ್ಲೇನ್ರಿ?’ ಸೊಂಟದವರೆಗೆ ಕೂದಲಿದ್ದ ಹುಡುಗಿ ‘ಹೂಂ, ಮಾಡ್ರಿ’ ಎಂದಳು. ನಾಲ್ಕು ಬೆರಳಷ್ಟು ಕೂದಲು ನೆಲಕ್ಕೆ ಬಿತ್ತು. ಕೂದಲು ಅವಳದು, ಕತ್ತರಿಸಿಕೊಳ್ಳುವುದು ಅವಳಿಷ್ಟ. ನನಗೆ ಬೇಸರವಾದದ್ದು ‘ನಾಟ್ಸ್’ ಎಂಬ ಮಾತಿಗೆ. ಇಬ್ಬರಲ್ಲಿ ಒಬ್ಬರಾದರೂ ‘ಸಿಕ್ಕು’ ಎಂದಿದ್ದರೆ ಆ ಕತ್ತರಿ ತುಸು ಹೊತ್ತು ತಡೆಯುತ್ತಿತ್ತು ಎಂದೇ ನನ್ನ ನಂಬಿಕೆ.

ನಾಟ್ ಎಂದರೆ ಗಂಟು. ಗಂಟೇ ಬೇರೆ, ಸಿಕ್ಕೇ ಬೇರೆ. ಗಂಟನ್ನು ಯಾರೋ ಹಾಕಿರುತ್ತಾರೆ: ಸೆರಗಿನ ತುದಿಗೆ, ಬುತ್ತಿಯ ಬಟ್ಟೆಗೆ, ದನದ ಹಗ್ಗಕ್ಕೆ. ಹಾಕಿದ ಕೈಗೆ ಬಿಚ್ಚುವುದೂ ಗೊತ್ತಿರುತ್ತದೆ. ಸಿಕ್ಕನ್ನು ಯಾರೂ ಹಾಕುವುದಿಲ್ಲ, ಅದು ತಾನಾಗಿ ಆಗುತ್ತದೆ. ಗಂಟನ್ನು ಬಿಚ್ಚಿದೆ ಎಂದರೂ ಸರಿ, ಬಿಡಿಸಿದೆ ಎಂದರೂ ನಡೆದೀತು. ‘ಸಿಕ್ಕು ಬಿಚ್ಚಿದೆ’ ಎಂದರೆ ಮಾತ್ರ ಕಿವಿ ಒಪ್ಪುವುದಿಲ್ಲ. ಅದನ್ನು ಬಿಡಿಸಿಯೇ ಆಗಬೇಕು.

ಈ ‘ಬಿಡಿಸು’ ಬಗ್ಗೆ ನನ್ನದೊಂದು ವಾದವಿದೆ. ಲೆಕ್ಕ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಜಗಳ ಬಿಡಿಸುತ್ತೇವೆ, ಹೂ ಬಿಡಿಸುತ್ತೇವೆ, ಅಂಗಳದಲ್ಲಿ ರಂಗೋಲಿ ಬಿಡಿಸುತ್ತೇವೆ. ನಿಘಂಟು ಇವನ್ನೆಲ್ಲ ಒಂದರ ಕೆಳಗೊಂದು ಅಂಕಿ ಹಾಕಿ ಇಡುತ್ತದೆ. ನಾನು ಹೇಳುವುದೇನೆಂದರೆ, ಇವಿಷ್ಟಕ್ಕೂ ಮೂಲ ತಲೆಗೂದಲು. ಲೆಕ್ಕ ಹುಟ್ಟುವ ಮೊದಲೇ ಕೂದಲಿತ್ತು, ಕೂದಲಿದ್ದಲ್ಲಿ ಸಿಕ್ಕಿತ್ತು. ಲೆಕ್ಕ ಬಿಡಿಸುವ ಮಕ್ಕಳಿಗೆ ಮೇಷ್ಟ್ರು ಇಂದಿಗೂ ಹೇಳುವುದು ಬಾಚುವವರ ಮಾತನ್ನೇ: ಸುಲಭವಾಗಿ ಬರುವುದನ್ನು ಮೊದಲು ಬಿಡಿಸಿ. ಪತ್ರಿಕೆಗಳು ದಿನಕ್ಕೊಮ್ಮೆ ಬರೆಯುವ ‘ಜಟಿಲ ಸಮಸ್ಯೆ’ಯನ್ನೇ ನೋಡಿ, ಜಟಿಲ ಬಂದದ್ದು ಜಟೆಯಿಂದ. ಈಗ ಅದೂ ಹಿಂದೆ ಸರಿದಿದೆ, ಎಲ್ಲರ ಬಾಯಲ್ಲೂ ಎಲ್ಲವೂ ‘ಕಾಂಪ್ಲಿಕೇಟೆಡ್’.

ಧಾರವಾಡದ ಕಡೆ ತಲೆ ಬಾಚುವುದಕ್ಕೆ ‘ತಲಿ ಹಿಕ್ಕೋದು’ ಎನ್ನುತ್ತಾರೆ. ಸಿಕ್ಕು, ಹಿಕ್ಕು: ರೋಗದ ಹೆಸರಿನ ಪಕ್ಕದಲ್ಲೇ ಮದ್ದಿನ ಹೆಸರು. ನನ್ನ ಸೋದರತ್ತೆ ಹಿಕ್ಕುತ್ತಿದ್ದ ರೀತಿ ಕೈಗೆ ಇನ್ನೂ ನೆನಪಿದೆ. ಎರಕೊಂಡ ತಲೆ ಪೂರಾ ಆರುವ ಮೊದಲು ಅಂಗೈಯಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ತಿಕ್ಕಿ, ಅದನ್ನು ಬುಡಕ್ಕಲ್ಲ, ತುದಿಗೆ ಸವರುತ್ತಿದ್ದಳು. ಸಿಕ್ಕಿನ ಮೇಲ್ಭಾಗದ ಕೂದಲನ್ನು ಎಡಗೈ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರೆ ಎಷ್ಟೇ ಎಳೆದರೂ ನೆತ್ತಿಗೆ ನೋವು ಮುಟ್ಟುವುದಿಲ್ಲ. ಬಲಗೈ ಬೆರಳಿನಿಂದ ಎಳೆ ಎಳೆಯಾಗಿ ಹೊರಗೆ ತೆಗೆದು, ಆಮೇಲಷ್ಟೇ ಮರದ ಹಣಿಗೆ. ‘ಬುಡಕ್ಕ ಕೈ ಹಾಕಬ್ಯಾಡವಾ. ತುದಿ ಬಿಟ್ರ ಬುಡ ತಾನ ಬಿಡ್ತದ’ ಎನ್ನುತ್ತಿದ್ದಳು. ಮೇಲಿನಿಂದ ಹಣಿಗೆ ಎಳೆದರೆ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಜಾರಿ ಒಂದೇ ದೊಡ್ಡ ಸಿಕ್ಕಾಗುತ್ತವೆ.

ತುದಿಗೇ ಯಾಕೆ ಸಿಕ್ಕು? ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. 60 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ 5 ವರ್ಷ ವಯಸ್ಸು. ಅಷ್ಟು ವರ್ಷದ ಬಿಸಿಲು, ಸೀಗೆಕಾಯಿ, ಶಾಂಪೂ, ದಿಂಬಿನ ಉಜ್ಜು ಎಲ್ಲವನ್ನೂ ಕಂಡ ಭಾಗ ಅದು. ಕೂದಲಿನ ಹೊರಮೈಯಲ್ಲಿ ಹೆಂಚು ಹೊದಿಸಿದಂತೆ ಸೂಕ್ಷ್ಮ ಹುರುಪೆಗಳಿರುತ್ತವೆ. ತುದಿಯಲ್ಲಿ ಅವು ಸವೆದು ಎದ್ದು ನಿಂತು ಒಂದಕ್ಕೊಂದು ತಗಲಿಕೊಳ್ಳುತ್ತವೆ. ಎಣ್ಣೆಯೋ ದಾಸವಾಳದ ಸೊಪ್ಪು ಕಿವುಚಿದ ಲೋಳೆಯೋ ಮಾಡುವುದು ಇಷ್ಟೇ, ಆ ತಗಲಾಟವನ್ನು ಜಾರಿಸುವುದು.

‘ಎರಡು ಜಡೆ ಒಂದೆಡೆ ಸೇರುವುದಿಲ್ಲ’ ಎಂಬ ಗಾದೆಯನ್ನು ಇಲ್ಲಿ ತರಲೇಬೇಕು. ಅತ್ತೆ ಸೊಸೆ, ಓರಗಿತ್ತಿಯರು, ಕಚೇರಿಯ ಸಹೋದ್ಯೋಗಿಗಳು, ಇಬ್ಬರು ಹೆಂಗಸರ ನಡುವೆ ಮಾತು ಏರಿತೆಂದರೆ ಸಾಕು, ಯಾರಾದರೊಬ್ಬರು ಇದನ್ನು ಹೇಳಿ ನಗುತ್ತಾರೆ. ಈ ಗಾದೆಯನ್ನು ಕಟ್ಟಿದವರು ಜಡೆ ಹಾಕಿಸಿಕೊಂಡವರಲ್ಲ, ಹಾಕಿದವರೂ ಅಲ್ಲ. ಕತ್ತಿನ ಹಿಂದಿನ ಸಿಕ್ಕು ಸ್ವಂತ ಕಣ್ಣಿಗೆ ಕಾಣದು. ಅದಕ್ಕೆ ಹಿಂದೊಬ್ಬರು ಕೂರಬೇಕು. ನಮ್ಮ ಮನೆಯ ಹಿತ್ತಲ ಮೆಟ್ಟಿಲ ಮೇಲೆ ಅಜ್ಜಿಯ ತಲೆ ಅತ್ತೆಯ ಕೈಯಲ್ಲಿ, ಅತ್ತೆಯ ತಲೆ ಚಿಕ್ಕಮ್ಮನ ಕೈಯಲ್ಲಿ, ಚಿಕ್ಕಮ್ಮನ ತಲೆ ಪಕ್ಕದ ಮನೆಯವಳ ಕೈಯಲ್ಲಿ. ಮುಖ ಎದುರಿಗಿಲ್ಲದ್ದರಿಂದ ಹೇಳಲಾಗದ ಮಾತುಗಳೂ ಅಲ್ಲಿ ಹೊರಬರುತ್ತಿದ್ದವು. ಮನಸ್ತಾಪಗಳಿದ್ದವು, ಸುಳ್ಳಲ್ಲ. ಆದರೆ ಬೆಳಿಗ್ಗೆ ಮಾತು ಬಿಟ್ಟವರು ಮಧ್ಯಾಹ್ನ ‘ತಲಿ ಹಿಕ್ಕ್ ಬಾ’ ಎಂದು ಹಣಿಗೆ ಚಾಚಿದರೆ ರಾಜಿ ಆದಂತೆಯೇ. ಎರಡು ಜಡೆ ಸೇರುವುದಿಲ್ಲ ಎಂಬ ಗಾದೆ ತಪ್ಪು. ಸೇರದೆ ಜಡೆಯೇ ಆಗದು.

ಬಾಚುವಾಗ ಉದುರಿದ ಕೂದಲನ್ನು ಉಂಡೆ ಕಟ್ಟಿ ಗೋಡೆಯ ಸಂದಿಯಲ್ಲಿ ಇಡುತ್ತಿದ್ದರು. ಕೂದಲಿಗೆ ಪಾತ್ರೆ ಕೊಡುವವರು ಬೀದಿಗೆ ಬಂದಾಗ ಅದು ಹೊರಗೆ ಬರುತ್ತಿತ್ತು. ಅಂಥ ಉಂಡೆಗಳು ಮೂಟೆಗಟ್ಟಲೆ ಹೋಗಿ ಸೇರುವ ಊರುಗಳಲ್ಲಿ ಕೊಪ್ಪಳದ ಪಕ್ಕದ ಭಾಗ್ಯನಗರವೂ ಒಂದು. ಅಲ್ಲಿ ಕೂದಲೇ ಉದ್ಯಮ. ಸಿಕ್ಕು ಬಿಡಿಸುವುದು ಹೆಣ್ಣುಮಕ್ಕಳ ಕೂಲಿ ಕೆಲಸ. ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಕಟ್ಟಿದ ಕೂದಲು ವಿಗ್ಗುಗಳಿಗಾಗಿ ಹೊರದೇಶಕ್ಕೆ ಹೋಗುತ್ತದೆ. ಯಾವುದೋ ತಲೆಯ ಸಿಕ್ಕು ಇನ್ನಾರದೋ ಮನೆಯ ಅನ್ನ.

ಬಿಡಿಸದೆ ಬಿಟ್ಟ ಸಿಕ್ಕಿನ ಕತೆ ಇದಕ್ಕಿಂತ ಕಠೋರ. ಎಣ್ಣೆ, ಬೆವರು, ಧೂಳು ಕೂಡಿ ಸಿಕ್ಕು ಗಟ್ಟಿಯಾದರೆ ಅದು ಜಟೆ. ಉತ್ತರ ಕರ್ನಾಟಕದಲ್ಲಿ ಬಡವರ ಮನೆಯ ಹುಡುಗಿಯ ತಲೆಯಲ್ಲಿ ಅದು ಕಾಣಿಸಿಕೊಂಡರೆ ಸವದತ್ತಿ ಯಲ್ಲಮ್ಮನ ಕರೆ ಬಂತೆಂದು ನಂಬಿದರು. ಕತ್ತರಿಸಿದರೆ ದೇವಿ ಮುನಿಯುತ್ತಾಳೆಂದು ಹೆದರಿದರು. ಆ ಹುಡುಗಿಯನ್ನು ದೇವರಿಗೆ ‘ಬಿಟ್ಟರು’. ಬಿಡಿಸಬೇಕಾಗಿದ್ದ ಸಿಕ್ಕನ್ನು ಬಿಡಿಸದೆ ಮಗಳನ್ನೇ ಬಿಟ್ಟರು. ದೇವದಾಸಿ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿತು. ಇಂಥ ಜಟೆಗೆ ಮಾತ್ರ ಕತ್ತರಿಯೇ ಸರಿ. ಕುಟುಂಬದವರ ಭಯ ಹೋಗಲಾಡಿಸಿ ಅದನ್ನು ಕತ್ತರಿಸಲು ಮುಂದಾದವರ ಕೈಗೆ ನಮಸ್ಕಾರ.

ನಿಮ್ಮ ಸೀಮೆಯಲ್ಲಿ ಸಿಕ್ಕಿಗೆ, ಅದನ್ನು ಬಿಡಿಸುವುದಕ್ಕೆ ಬೇರೆ ಮಾತುಗಳಿದ್ದರೆ ಬರೆದು ಕಳಿಸಿ. ಜೊತೆಗೆ ಊರಿನ ಹೆಸರನ್ನೂ, ಆ ಮಾತನ್ನು ಯಾರ ಬಾಯಲ್ಲಿ ಕೇಳಿದಿರೆಂಬುದನ್ನೂ ತಿಳಿಸಿ.