ಮೆಕೆಂಜಿಯ ಸಂಗ್ರಹ ಮತ್ತು ಮಲೆಯೂರಿನ ಪಂಡಿತರು

ಮಠದ ಆಶ್ರಯವಾಗಲಿ ಅರಮನೆಯ ಆಸ್ಥಾನಪದವಿಯಾಗಲಿ ಇಲ್ಲದೆ, ಹಳೆಯ ಲಿಪಿ, ಶಾಸನ, ವಂಶಾವಳಿ ಹಾಗೂ ಸ್ಥಳವೃತ್ತಾಂತಗಳ ತಿಳಿವಳಿಕೆಯನ್ನೇ ಜೀವಿಕೆಗೆ ಆಧಾರವಾಗಿ ಮಾಡಿಕೊಂಡ ಒಂದು ಪಂಡಿತವರ್ಗವು 19ನೆಯ ಶತಮಾನದ ಆರಂಭದಲ್ಲಿ ದಕ್ಷಿಣದಲ್ಲಿ ತಲೆದೋರಿತು. ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯ ಮೋಜಣಿಗೆ ನಿಯುಕ್ತನಾದ ಕಾಲಿನ್ ಮೆಕೆಂಜಿಯ ಸುತ್ತ ನೆರೆದ ಸಹಾಯಕರು ಈ ವರ್ಗದ ಮೊದಲಿಗರು. ಇವರಲ್ಲಿ ಕಾವಲಿ ವೆಂಕಟ ಸೋದರರ ಹೆಸರು ಇತಿಹಾಸಕಾರರಿಗೆ ಪರಿಚಿತ. ಕನಕಗಿರಿ ಎಂಬ ಮಲೆಯೂರಿಗೆ ಸೇರಿದ ಇಬ್ಬರು ಜೈನ ವಿದ್ವಾಂಸರಾದ ಧರ್ಮಯ್ಯ ಮತ್ತು ದೇವಚಂದ್ರರ ಪಾತ್ರಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ.

ಮೆಕೆಂಜಿಗೆ ಈ ನಾಡಿನ ಭಾಷೆಗಳ ಪರಿಚಯವಿರಲಿಲ್ಲ. 1817ರ ತನ್ನ ಪತ್ರವೊಂದರಲ್ಲಿ ಅವನು ಇದನ್ನು ಮುಚ್ಚಿಡದೆ, ಕಾವಲಿ ವೆಂಕಟ ಬೊರಯ್ಯನ ಸಹವಾಸದಿಂದಲೇ ಭಾರತೀಯ ವಿದ್ಯೆಯ ಬಾಗಿಲು ತನಗೆ ತೆರೆಯಿತೆಂದು ಒಪ್ಪಿಕೊಂಡಿದ್ದಾನೆ. ಏಷಿಯಾಟಿಕ್ ರಿಸರ್ಚಸ್ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಜೈನರನ್ನು ಕುರಿತು ಪ್ರಕಟವಾದ ವಿವರಣೆಯು ಒಬ್ಬ ಜೈನ ಪುರೋಹಿತನಿಂದ ಸಂಗ್ರಹವಾಗಿ, ಬೊರಯ್ಯನಿಂದ ಭಾಷಾಂತರಗೊಂಡು, ಮೆಕೆಂಜಿಗಾಗಿ ಸಿದ್ಧವಾದುದು. ಅದೇ ಸಂಪುಟದಲ್ಲಿ ಶ್ರವಣಬೆಳ್ಗೊಳದ ಚಾರುಕೀರ್ತಿ ಆಚಾರ್ಯರಿಂದ ಪಡೆದ ಮಾಹಿತಿಯೂ ಇದೆ. ಜೈನಮತವನ್ನು ಕುರಿತ ಪಾಶ್ಚಾತ್ಯ ಜಿಜ್ಞಾಸೆಯ ಮೊದಲ ಸಾಮಗ್ರಿಯ ಒಂದು ಭಾಗವಾದರೂ ಹೀಗೆ ಕನ್ನಡನಾಡಿನ ಜೈನರ ಬಾಯಿಂದಲೇ ಹೊರಟಿತೆಂಬುದು ಸ್ಮರಣೀಯ.

ಬೊರಯ್ಯ 1803ರಲ್ಲಿ ಅಕಾಲಮೃತ್ಯುವಿಗೀಡಾದ ಮೇಲೆ ಅವನ ಸೋದರ ಲಕ್ಷ್ಮಯ್ಯನು ಮುಖ್ಯಸ್ಥನಾದನು. ಹಳಗನ್ನಡ ಶಾಸನಗಳನ್ನು ಓದುವ ಭಾರವು ಬಹುಮಟ್ಟಿಗೆ ಧರ್ಮಯ್ಯನ ಮೇಲೆ ಬಿದ್ದಿತು. ಕಲ್ಲಿನ ಮೇಲಿನ ಸವೆದ ಅಕ್ಷರವನ್ನು ಬಿಡಿಸಬೇಕು, ಹಳಗನ್ನಡದ ಪದ್ಯಕ್ಕೂ ಸಂಸ್ಕೃತ ಶ್ಲೋಕಕ್ಕೂ ಅರ್ಥ ಹೇಳಬೇಕು, ಗಣಗಚ್ಛಗಳ ಪರಂಪರೆಯನ್ನು ಬಲ್ಲವನಾಗಿರಬೇಕು. ಬಸದಿಯ ನೆರಳಿನಲ್ಲಿ ಶಾಸ್ತ್ರಾಭ್ಯಾಸ ಮಾಡಿದ ಜೈನ ಪಂಡಿತನಲ್ಲಿ ಈ ಮೂರೂ ಸಹಜವಾಗಿ ಕೂಡಿದ್ದವು. ಆವರೆಗೆ ವ್ರತ, ಪೂಜೆ, ಪಾಠಪ್ರವಚನಗಳಿಗೆ ಮೀಸಲಾಗಿದ್ದ ವಿದ್ಯೆಯು ಇಲ್ಲಿ ಮೊದಲ ಬಾರಿಗೆ ಸಂಬಳ ತರುವ ವಿದ್ಯೆಯಾಯಿತು.

ಈ ವೃತ್ತಿ ಸುಲಭದ್ದಾಗಿರಲಿಲ್ಲ. ಸಹಾಯಕರು ಊರೂರು ಅಲೆದು ಕೈಫಿಯತ್ತುಗಳನ್ನು ಬರೆಯಿಸಿಕೊಂಡು, ಶಾಸನಗಳ ಪ್ರತಿ ಮಾಡಿ, ಕಾಲಕಾಲಕ್ಕೆ ವರದಿ ಕಳುಹಿಸಬೇಕಾಗಿತ್ತು. ಹಳೆಯ ಕಡತ ಕೇಳಿದವರನ್ನು ಊರಿನವರು ಕಂದಾಯ ಹೆಚ್ಚಿಸಲು ಬಂದ ಸರ್ಕಾರದ ಜನವೆಂದು ಶಂಕಿಸುತ್ತಿದ್ದರು. ದತ್ತಿಭೂಮಿಯ ಶಾಸನ ತೋರಿಸಿದರೆ ಆ ಭೂಮಿಯೇ ಕೈತಪ್ಪೀತೆಂಬ ಅವರ ಅಂಜಿಕೆ ನಿರಾಧಾರವಾದುದೂ ಅಲ್ಲ. ವೆಚ್ಚದ ಗಣನೀಯ ಭಾಗವನ್ನು ಮೆಕೆಂಜಿಯೇ ಸ್ವಂತ ಹಣದಿಂದ ಭರಿಸುತ್ತಿದ್ದನು. ಎಂದರೆ, ಈ ಪಂಡಿತರ ಜೀವಿಕೆ ನಿಂತಿದ್ದುದು ಕಂಪನಿಯ ಕಾಯಂ ಹುದ್ದೆಯ ಮೇಲಲ್ಲ, ಒಬ್ಬ ವ್ಯಕ್ತಿಯ ಆಸಕ್ತಿಯ ಮೇಲೆ.

ಆ ವ್ಯಕ್ತಿ 1821ರ ಮೇ 8ರಂದು ತೀರಿಕೊಂಡನು. ಸಂಗ್ರಹವನ್ನು ಕಂಪನಿಯು ಅವನ ವಿಧವೆಯಿಂದ 10,000 ಪೌಂಡುಗಳಿಗೆ ಕೊಂಡಿತು. ಎಚ್. ಎಚ್. ವಿಲ್ಸನ್ 1828ರಲ್ಲಿ ಪ್ರಕಟಿಸಿದ ಸೂಚಿಯ ಪ್ರಕಾರ ಅದರಲ್ಲಿ 1,568 ಸಾಹಿತ್ಯಕೃತಿಗಳ ಹಸ್ತಪ್ರತಿಗಳೂ, 2,070 ಸ್ಥಳವೃತ್ತಾಂತಗಳೂ, 8,076 ಶಾಸನಪ್ರತಿಗಳೂ ಇದ್ದವು. ಓದಿದವರು, ಪ್ರತಿ ಮಾಡಿದವರು, ಅರ್ಥ ಬರೆದವರು ಬೇರೆ; ಸಂಗ್ರಹಕ್ಕೆ ನಿಂತ ಹೆಸರು ಬೇರೆ.

ಲಕ್ಷ್ಮಯ್ಯನು ಕೈಕಟ್ಟಿ ಕುಳಿತವನಲ್ಲ. ಮದರಾಸಿನಲ್ಲಿ ಹಿಂದೂ ಸಾಹಿತ್ಯ ಸಂಘವನ್ನು ಕಟ್ಟಿ, ಉಳಿದ ಸಂಶೋಧನೆಯನ್ನು ತಾನೇ ಮುಂದುವರಿಸುವುದಾಗಿ ಯೋಜನೆಯೊಂದನ್ನು ಸರ್ಕಾರಕ್ಕೆ ಸಲ್ಲಿಸಿದನು. ಅದು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಅಭಿಪ್ರಾಯಕ್ಕೆ ಹೋಯಿತು. ಲಕ್ಷ್ಮಯ್ಯನಿರಲಿ, ದೇಶೀಯನಾದ ಯಾವನೂ ಇಂಥ ಕಾರ್ಯದ ನೇತೃತ್ವಕ್ಕೆ ಅರ್ಹನಲ್ಲ, ಸಹಾಯಕನಾಗಿ ಮಾತ್ರ ಉಪಯುಕ್ತನೆಂಬ ತೀರ್ಪು 1836ರಲ್ಲಿ ಬಂದಿತು. ಮದರಾಸಿನಲ್ಲಿದ್ದ ಹಸ್ತಪ್ರತಿಗಳ ಪರಿಶೀಲನೆಯು ಪಾದ್ರಿ ವಿಲಿಯಂ ಟೇಲರನ ಪಾಲಾಯಿತು. ದೀರ್ಘಕಾಲದ ಅನುಭವವುಳ್ಳವನಿಗೆ ಕೊಟ್ಟ ಈ ಉತ್ತರವು ಅವನ ವಿದ್ವತ್ತನ್ನು ತೂಗಿ ಕೊಟ್ಟದ್ದಲ್ಲವೆಂಬುದು ಸ್ಪಷ್ಟ.

ದೇವಚಂದ್ರನ ದಾರಿ ಬೇರೆಯಾಯಿತು. 1770ರಲ್ಲಿ ಜನಿಸಿದ ಈ ಕವಿಯು 1804ರಲ್ಲಿ ಕನಕಗಿರಿಗೆ ಬಂದ ಮೆಕೆಂಜಿಯನ್ನು ಕಂಡನು. ಸ್ಥಳದ ಪೂರ್ವವೃತ್ತಾಂತವನ್ನು ವಿಚಾರಿಸುತ್ತ ಬಂದವನಿಗೆ ತಿಳಿದುದನ್ನು ಹೇಳಿ, ಕೆಲಕಾಲ ಅವನ ಬಿಡಾರದಲ್ಲಿ ಜೊತೆಗಿದ್ದನು. ಆದರೆ ಧರ್ಮಯ್ಯನಂತೆ ಆ ಕಾರ್ಯಾಲಯಕ್ಕೆ ಸೇರಿಹೋಗಲಿಲ್ಲ. ಕೇಳಿದವನು ಹೋದರೂ ಕೇಳಿದ ಪ್ರಶ್ನೆ ಮಾತ್ರ ಅವನಲ್ಲಿ ಉಳಿಯಿತು. ಮೂರು ದಶಕಗಳಿಗೂ ಮಿಕ್ಕಿ ಕಳೆದ ಮೇಲೆ, ಸುಮಾರು 1840ರ ಹೊತ್ತಿಗೆ, ಮೈಸೂರು ಅರಮನೆಯ ದೇವೀರಮ್ಮಣ್ಣಿಯವರ ಅಪೇಕ್ಷೆಯಂತೆ ಅವನ ‘ರಾಜಾವಳಿ ಕಥೆ’ ಸಿದ್ಧವಾಯಿತು.

ಈ ಗ್ರಂಥದ ಐತಿಹಾಸಿಕ ಪ್ರಾಮಾಣ್ಯವು ವಿವಾದಾತೀತವಲ್ಲ. ಬಿ. ಎಲ್. ರೈಸ್ 1889ರ ಶ್ರವಣಬೆಳ್ಗೊಳದ ಶಾಸನಸಂಪುಟದಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತರ ವೃತ್ತಾಂತಕ್ಕೆ ಇದನ್ನು ಬಳಸಿಕೊಂಡನು, ಜೆ. ಎಫ್. ಫ್ಲೀಟ್ ಆ ವೃತ್ತಾಂತವನ್ನೇ ಒಪ್ಪಲಿಲ್ಲ. ಪುರಾಣ, ಜನಶ್ರುತಿ, ಕವಿಗಳ ಐತಿಹ್ಯ, ರಾಜವಂಶಾವಳಿ ಎಲ್ಲವನ್ನೂ ದೇವಚಂದ್ರನು ಒಂದೇ ಹೆಣಿಗೆಯಲ್ಲಿ ಇಟ್ಟಿರುವುದು ನಿಜ. ಬಿಡಿಸಿ ನೋಡುವ ಹೊಣೆ ಓದುವವರದು. ಆದರೂ ಆ ಕಾಲದಲ್ಲಿ ಜೈನಸಮಾಜವು ತನ್ನ ಹಿಂದಿನದನ್ನು ಹೇಗೆ ನೆನೆಯುತ್ತಿತ್ತೆಂಬುದಕ್ಕೆ ಇದಕ್ಕಿಂತ ತುಂಬಿದ ಆಕರ ದೊರೆಯುವುದು ಕಷ್ಟ.

ತಾಮಸ್ ಹಿಕಿ 1816ರಲ್ಲಿ ಬರೆದ ವರ್ಣಚಿತ್ರದಲ್ಲಿ ಕೆಂಪು ಅಂಗಿಯ ಮೆಕೆಂಜಿ ನಡುವೆ ನಿಂತಿದ್ದಾನೆ. ಸುತ್ತ ಮೂವರು ದೇಶೀಯರು, ಹಿನ್ನೆಲೆಯ ಬೆಟ್ಟದ ಮೇಲೆ ಗೊಮ್ಮಟಮೂರ್ತಿ. ಆ ಮೂವರಲ್ಲಿ ಒಬ್ಬನನ್ನು ಧರ್ಮಯ್ಯನೆಂದು ಗುರುತಿಸಲಾಗಿದೆ. ಮಲೆಯೂರಿನ ಇನ್ನೊಬ್ಬ ಪಂಡಿತನು ಯಾವ ಚಿತ್ರದಲ್ಲಿಯೂ ಇಲ್ಲ. ಅವನ ಗ್ರಂಥವು 1988ರಲ್ಲಿ ಬಿ. ಎಸ್. ಸಣ್ಣಯ್ಯನವರ ಸಂಪಾದಕತ್ವದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಅಚ್ಚಾಯಿತು. ಅದರೊಳಗೆ ಮೆಕೆಂಜಿ ಕನಕಗಿರಿಗೆ ಬಂದುದು ಅನೇಕ ಪ್ರಸಂಗಗಳ ನಡುವೆ ಒಂದು ಚಿಕ್ಕ ಪ್ರಸಂಗವಾಗಿದೆ.